ಹಿಲೋದ ಮಳೆಯಿಂದ ಮೌನಾ ಕೇಯ ಹಿಮಕ್ಕೆ

ಮೊದಲ ದಿನ ನಾವು ಅರ್ಧ ದಾರಿಯಿಂದ ವಾಪಸ್ ಬಂದೆವು. ರಾತ್ರಿ ಹವಾಯಿಯ ಮೌನಾ ಕೇ ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ರಸ್ತೆ ಮೇಲೆ ಗಡ್ಡೆ ಕಟ್ಟಿತ್ತು. 2,800 ಮೀಟರ್ ಎತ್ತರದ ವಿಸಿಟರ್ ಸೆಂಟರ್ ಹತ್ತಿರ ರೇಂಜರ್‌ಗಳು ವಾಹನಗಳನ್ನು ತಡೆದಿದ್ದರು. ಬೆಳಿಗ್ಗೆ ಹಿಲೋ ಊರು ಬಿಟ್ಟಾಗ ಅರ್ಧ ತೋಳಿನ ಅಂಗಿ ಸಾಕಾಗಿತ್ತು. ಅಲ್ಲಿಂದ ಒಂದು ಗಂಟೆ ದೂರದಲ್ಲಿ ರಸ್ತೆ ಹಿಮದಿಂದ ಮುಚ್ಚಿದೆ ಅಂದರೆ ನನ್ನ ತಂಗಿಗೆ ನಂಬಿಕೆಯೇ ಬರಲಿಲ್ಲ.

ಹವಾಯಿಯ ಬಿಗ್ ಐಲ್ಯಾಂಡ್ ಇರುವುದು ಹೆಚ್ಚುಕಡಿಮೆ ಮುಂಬೈ ಅಕ್ಷಾಂಶದಲ್ಲಿ. ಸುತ್ತ ಬೆಚ್ಚಗಿನ ಸಮುದ್ರ, ತೆಂಗು, ಬಾಳೆ. ಆದರೆ ಮೌನಾ ಕೇ 4,200 ಮೀಟರ್ ದಾಟಿದ ಬೆಟ್ಟ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಜಾಸ್ತಿಯಾಗುತ್ತದೆ. ಆ ಲೆಕ್ಕದಲ್ಲಿ ಕಡಲತೀರಕ್ಕೂ ತುದಿಗೂ 25 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ. ಚಳಿಗಾಲದಲ್ಲಿ ಬಿರುಗಾಳಿ ಬಂತೆಂದರೆ ಕೆಳಗೆ ಮಳೆ, ಮೇಲೆ ಹಿಮ. ಹವಾಯಿ ಭಾಷೆಯಲ್ಲಿ ಮೌನಾ ಕೇ ಅಂದರೆ ಬಿಳಿ ಬೆಟ್ಟ ಅಂತಲೇ ಅರ್ಥ.

ಮಾರನೆಯ ದಿನ ಬೆಳಿಗ್ಗೆ ಎದ್ದ ಕೂಡಲೇ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿದೆವು. ರೇಂಜರ್‌ಗಳು ಇದನ್ನು ದಿನಾ ತಿಳಿಸುತ್ತಾರೆ. ಮೊದಲ ದಿನವೇ ಕೇಳಬೇಕಿತ್ತು. ಮಧ್ಯಾಹ್ನ ತೆರೆಯಬಹುದು ಅಂತ ಉತ್ತರ ಬಂತು. ಹಿಲೋದಲ್ಲೇ ಪೆಟ್ರೋಲ್ ಟ್ಯಾಂಕ್ ತುಂಬಿಸಿಕೊಂಡೆವು. ಆಮೇಲೆ ದಾರಿಯಲ್ಲಿ ಬಂಕ್ ಇಲ್ಲ. ಗಾಡಿ ಫೋರ್ ವೀಲ್ ಡ್ರೈವ್ ಇರಲೇಬೇಕು. ಬಾಡಿಗೆ ಗಾಡಿಯಾದರೆ ಈ ರಸ್ತೆಗೆ ಅನುಮತಿ ಇದೆಯಾ ಅಂತ ಕರಾರು ಓದಿ ನೋಡಿ. ಎಷ್ಟೋ ಕರಾರುಗಳಲ್ಲಿ ಇರುವುದಿಲ್ಲ.

ಇನ್ನು ಮುಖ್ಯವಾದ ಮಾತು. ಈ ಬೆಟ್ಟದಲ್ಲಿ ಕಾಲಿಗೆ ಕಷ್ಟವಿಲ್ಲ, ತುದಿಯವರೆಗೆ ಗಾಡಿಯೇ ಹೋಗುತ್ತದೆ. ಕಷ್ಟ ಇರುವುದು ಅದರಲ್ಲೇ. ಸಮುದ್ರ ಮಟ್ಟದಿಂದ ಎರಡೇ ಗಂಟೆಯಲ್ಲಿ 4,200 ಮೀಟರ್ ಏರಿಬಿಡಬಹುದು. ಹಿಮಾಲಯದಲ್ಲಿ ಚಾರಣ ಮಾಡುವವರು ಇಷ್ಟು ಎತ್ತರಕ್ಕೆ ಹೋಗಲು ದಿನಗಟ್ಟಲೆ ತೆಗೆದುಕೊಳ್ಳುತ್ತಾರೆ. ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕೆಳಗಿನದರ ನೂರಕ್ಕೆ ಅರವತ್ತರಷ್ಟು ಮಾತ್ರ. ಅದಕ್ಕೇ ವಿಸಿಟರ್ ಸೆಂಟರ್‌ನಲ್ಲಿ ಕನಿಷ್ಠ ಅರ್ಧ ಗಂಟೆ ನಿಲ್ಲಿ ಅಂತ ಅಲ್ಲಿಯವರು ಹೇಳುತ್ತಾರೆ. ನಾವು ಒಂದೂವರೆ ಗಂಟೆ ಕೂತೆವು. ಗರ್ಭಿಣಿಯರು, 13 ವರ್ಷದೊಳಗಿನ ಮಕ್ಕಳು, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಅಲ್ಲಿಂದ ಮುಂದೆ ಹೋಗುವುದು ಬೇಡ. ಸ್ಕೂಬಾ ಡೈವಿಂಗ್ ಮಾಡಿದವರು 24 ಗಂಟೆ ಬಿಟ್ಟೇ ಹತ್ತಬೇಕು. ದ್ವೀಪದಲ್ಲಿ ಡೈವಿಂಗ್‌ಗೂ ಬೆಟ್ಟಕ್ಕೂ ಒಂದೇ ವಾರ ಇಟ್ಟುಕೊಳ್ಳುವವರು ಬಹಳ, ಇದನ್ನು ಮರೆಯಬೇಡಿ.

ಬಾಡಿಗೆ ಮನೆಯಲ್ಲಿ ಮಾಡಿ ತಂದಿದ್ದ ಚಿತ್ರಾನ್ನವನ್ನು ಅಲ್ಲೇ ತಿಂದೆವು. ಹೊಟ್ಟೆ ಬಿರಿಯುವಷ್ಟು ಅಲ್ಲ, ಸ್ವಲ್ಪವೇ. ನೀರು ಜಾಸ್ತಿ ಕುಡಿದೆವು. ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬಿತ್ತು. ತಂಗಿ ಅದನ್ನು ಒತ್ತಿ ನೋಡಿ, "ಅಕ್ಕ, ನಮ್ಮೊಳಗೂ ಹೀಗೇ ಆಗ್ತಿರುತ್ತಾ?" ಅಂತ ಕೇಳಿದಳು. ಮುಳ್ಳಯ್ಯನಗಿರಿ 1,930 ಮೀಟರ್. ನಾವು ಕೂತಿದ್ದ ಜಾಗವೇ ಅದಕ್ಕಿಂತ ಸುಮಾರು 900 ಮೀಟರ್ ಮೇಲೆ.

ಮೂರು ಗಂಟೆ ಹೊತ್ತಿಗೆ ರಸ್ತೆ ತೆರೆಯಿತು. ಅಲ್ಲಿಂದ ತುದಿಗೆ ಸುಮಾರು 13 ಕಿಲೋಮೀಟರ್. ಮೊದಲ ಏಳು ಕಿಲೋಮೀಟರ್ ಜಲ್ಲಿ ರಸ್ತೆ, ಕಡಿದಾದ ತಿರುವುಗಳು. ಆಮೇಲೆ ಮತ್ತೆ ಡಾಂಬರು. ತುದಿಯಲ್ಲಿರುವ ದೊಡ್ಡ ಟೆಲಿಸ್ಕೋಪುಗಳಿಗೆ ಧೂಳು ಹಾರಬಾರದು ಅಂತ ಮೇಲಿನ ಭಾಗಕ್ಕೆ ಡಾಂಬರು ಹಾಕಿದ್ದಾರೆ. ಸಣ್ಣ ಗೇರಿನಲ್ಲಿ ನಿಧಾನವಾಗಿ ಹತ್ತಿದೆವು. ಎದುರಿನಿಂದ ಸ್ಥಳೀಯರ ಪಿಕಪ್ ಗಾಡಿಗಳು ಹಿಂದೆಲ್ಲ ಹಿಮ ತುಂಬಿಕೊಂಡು ಇಳಿಯುತ್ತಿದ್ದವು. ಮನೆ ಮಕ್ಕಳಿಗೆ ಆಡಲು ಒಯ್ಯುತ್ತಾರೆ.

ಮೇಲೆ ಕಂಡದ್ದು ಹಿಮಾಲಯದ ಹಿಮದ ಹಾಗಿಲ್ಲ. ಕೆಂಪು, ಕಂದು ಬಣ್ಣದ ಜ್ವಾಲಾಮುಖಿ ದಿಬ್ಬಗಳು, ಅವುಗಳ ಓರೆಯಲ್ಲಿ ಬಿಳಿ ಪಟ್ಟೆಗಳು. ಕಾಲಿಟ್ಟರೆ ಹಿಮದಡಿಯಲ್ಲಿ ಕರಕರ ಅನ್ನುವ ಬೂದಿಗಲ್ಲು. ಮೋಡಗಳು ಹಾಸಿಗೆಯ ಹಾಗೆ ಕೆಳಗೆ. ಮೋಡದಾಚೆ ಮೌನಾ ಲೋವಾ. 2022ರ ಕೊನೆಯಲ್ಲಿ ಲಾವಾ ಉಗುಳಿದ ಬೆಟ್ಟ ಅದು. ಹಿಮದ ದೇವತೆ ಪೋಲಿಅಹು ಈ ಬೆಟ್ಟದಲ್ಲಿ, ಬೆಂಕಿಯ ದೇವತೆ ಪೆಲೆ ಆ ಕಡೆ ಅಂತ ಹವಾಯಿ ಜನರ ಕಥೆ. ಇಬ್ಬರಿಗೂ ಜಗಳ. ಪೆಲೆ ಲಾವಾ ಹರಿಸಿದಳು, ಪೋಲಿಅಹು ಹಿಮ ಸುರಿದು ತಣಿಸಿದಳು. ಇದು ಬರೀ ಕಥೆಯಲ್ಲ. ಹಿಮಯುಗದಲ್ಲಿ ಈ ತುದಿಯಲ್ಲಿ ಹಿಮನದಿ ಇತ್ತು. ಅದಕ್ಕೆ ತಾಗಿ ಥಟ್ಟನೆ ತಣಿದ ಲಾವಾ ತುಂಬಾ ಗಟ್ಟಿ ಕಲ್ಲಾಯಿತು. ಹಿಂದಿನವರು ಇಲ್ಲಿಗೆ ಹತ್ತಿ ಬಂದು ಆ ಕಲ್ಲಿನಿಂದ ಬಾಚಿ, ಕೊಡಲಿ ಮಾಡುತ್ತಿದ್ದರು. ಕಬ್ಬಿಣ ಕಾಣದ ದ್ವೀಪದಲ್ಲಿ ದೋಣಿ ಕೆತ್ತುವವರಿಗೆ ಅದೇ ಉಳಿ.

ಗಾಡಿಯಿಂದ ಇಳಿದು ಇಪ್ಪತ್ತು ಹೆಜ್ಜೆ ಹಾಕಿದ್ದೇ ತಡ, ನನಗೆ ಎದೆ ಡವಡವ ಅಂತು. ತಲೆ ಹಿಂಭಾಗದಲ್ಲಿ ಸಣ್ಣ ನೋವು. ತಂಗಿ ಆರಾಮಾಗಿದ್ದಳು. ಎತ್ತರದ ಈ ತೊಂದರೆ ವಯಸ್ಸು, ಶಕ್ತಿ ನೋಡಿ ಬರುವುದಿಲ್ಲ. ನಿಂತೆ, ನಿಧಾನ ಉಸಿರಾಡಿದೆ. ತಲೆನೋವು ಹೆಚ್ಚಿದರೆ, ವಾಂತಿ ಬಂದರೆ, ಮಾತು ತೊದಲಿದರೆ ತಕ್ಷಣ ಇಳಿಯಬೇಕು. ಇಳಿಯುವುದೇ ಅದಕ್ಕೆ ಔಷಧಿ. ಹಾಗಂತ ಮೊದಲೇ ಮಾತಾಡಿಕೊಂಡಿದ್ದೆವು.

ನಿಜವಾದ ತುದಿ ಇರುವುದು ಟೆಲಿಸ್ಕೋಪುಗಳ ಎದುರಿನ ದಿಬ್ಬದ ಮೇಲೆ. ಕಾಲುದಾರಿ ಇದೆ, ದೂರವೂ ಇಲ್ಲ. ನಾವು ಹೋಗಲಿಲ್ಲ. ಅದು ಅಲ್ಲಿಯ ಜನರಿಗೆ ದೇವರ ಜಾಗ. ನಮ್ಮೂರಿನ ಬೆಟ್ಟದ ಗುಡಿಯ ಗರ್ಭಗುಡಿಗೆ ಯಾರೋ ಫೋಟೋ ತೆಗೆಯಲು ನುಗ್ಗಿದರೆ ನಮಗೆ ಹೇಗಾಗುತ್ತದೆ ಅಲ್ವಾ?

ಕೆಕ್ ಟೆಲಿಸ್ಕೋಪಿನ ಎರಡು ಬಿಳಿ ಗುಮ್ಮಟಗಳ ಹತ್ತಿರ ನಿಂತಾಗ ನನಗೆ ಹೊಸಕೋಟೆ ನೆನಪಾಯಿತು. ಈ ಬೆಟ್ಟಕ್ಕೆ ಅಂತ ಯೋಚಿಸಿರುವ ಮೂವತ್ತು ಮೀಟರ್ ಟೆಲಿಸ್ಕೋಪಿಗೆ 492 ಕನ್ನಡಿ ತುಂಡುಗಳು ಬೇಕು. ಅದರಲ್ಲಿ ಒಂದು ಪಾಲಿಗೆ ಹೊಳಪು ಕೊಡುವ ಕೆಲಸ ಭಾರತದ್ದು. ಅದಕ್ಕೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಕೇಂದ್ರ ಕಟ್ಟಿದೆ. ಆದರೆ ಇಲ್ಲಿ ಇನ್ನೊಂದು ಟೆಲಿಸ್ಕೋಪ್ ಬೇಡ ಅಂತ 2019ರ ಜುಲೈನಲ್ಲಿ ಹವಾಯಿಯ ಹಿರಿಯರು ಬೆಟ್ಟದ ಬುಡದಲ್ಲಿ ರಸ್ತೆಗೆ ಅಡ್ಡ ಕೂತರು. ಪೊಲೀಸರು ಹಲವರನ್ನು ಬಂಧಿಸಿದರು. ನಕ್ಷತ್ರ ನೋಡುವ ಆಸೆ ನನಗೂ ಇದೆ. ಆದರೂ ಆ ಅಜ್ಜ ಅಜ್ಜಿಯರನ್ನು ಕೇಳದೆ ಕಟ್ಟುವುದು ಸರಿಯಲ್ಲ ಅಂತ ಅಲ್ಲಿ ನಿಂತಾಗ ನನಗೆ ಗಟ್ಟಿಯಾಗಿ ಅನಿಸಿತು.

ಸೂರ್ಯ ಮೋಡದೊಳಗೆ ಇಳಿದ. ಪೂರ್ವಕ್ಕೆ ತಿರುಗಿದರೆ ಮೋಡದ ಮೇಲೆ ಬೆಟ್ಟದ್ದೇ ನೆರಳು, ಚೂಪಾದ ತ್ರಿಕೋನ. ಎಷ್ಟೋ ಜನ ಪಶ್ಚಿಮಕ್ಕೇ ಮುಖ ಮಾಡಿ ಇದನ್ನು ತಪ್ಪಿಸಿಕೊಳ್ಳುತ್ತಾರೆ. ಗಾಳಿಗೆ ಬೆರಳು ಮರಗಟ್ಟಿತು. ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಎಲ್ಲರೂ ಇಳಿಯಬೇಕು. ಮತ್ತೆ ಸಣ್ಣ ಗೇರು. ಬರೀ ಬ್ರೇಕ್ ತುಳಿದುಕೊಂಡು ಇಳಿದರೆ ಬ್ರೇಕ್ ಕಾದು ಕೈಕೊಡುತ್ತದೆ.

ವಿಸಿಟರ್ ಸೆಂಟರ್ ತಲುಪುವಷ್ಟರಲ್ಲಿ ನನ್ನ ತಲೆನೋವು ಹೋಗಿತ್ತು. ಅಲ್ಲಿ ಗಾಡಿ ದೀಪ ಆರಿಸಿ ತುಂಬಾ ಹೊತ್ತು ಆಕಾಶ ನೋಡಿದೆವು. ಹಿಲೋದಲ್ಲಿ ಮಳೆ ಸುರಿಯುತ್ತಿತ್ತು. ಮೇಲೆ ಕುಡಿದು ಬಿಗಿಯಾಗಿ ಮುಚ್ಚಿಟ್ಟಿದ್ದ ಖಾಲಿ ನೀರಿನ ಬಾಟಲಿ, ಯಾರೋ ಹಿಂಡಿದ ಹಾಗೆ ಸೀಟಿನ ಮೇಲೆ ನಜ್ಜುಗುಜ್ಜಾಗಿ ಬಿದ್ದಿತ್ತು. ತಂಗಿ ಅದರ ಮುಚ್ಚಳ ತಿರುಗಿಸಿದಳು. ಬುಸ್ ಅಂತ ಗಾಳಿ ಒಳಗೆ ಹೋಯಿತು.