ಇಬ್ಬರೂ ದುಡಿಯುವ ಮನೆಗೆ ಕೆಲವು ರೂಢಿಗಳು

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟೂವರೆಗೆಲ್ಲ ಮನೆ ಬಿಡಬೇಕಾದ ಸಂಸಾರದಲ್ಲಿ ಕೆಲಸಕ್ಕಿಂತ ಹೆಚ್ಚು ದಣಿಸುವುದು ಕೆಲಸವನ್ನು ನೆನಪಿಟ್ಟುಕೊಳ್ಳುವ ಹೊಣೆ. ಉದ್ದು ನೆನೆಹಾಕಿದ್ದಾಯಿತೇ, ಸಿಲಿಂಡರ್ ಬುಕ್ ಆಯಿತೇ, ಹಾಲಿನವರ ಲೆಕ್ಕ ಮುಗಿಯಿತೇ ಎಂಬುದೆಲ್ಲ ಸಾಮಾನ್ಯವಾಗಿ ಹೆಂಡತಿಯ ತಲೆಯಲ್ಲೇ ಸುತ್ತುತ್ತಿರುತ್ತದೆ. "ಹೇಳಿದ್ದರೆ ಮಾಡುತ್ತಿದ್ದೆನಲ್ಲ" ಎಂದು ಗಂಡ ಮನಸಾರೆ ಹೇಳಿದರೂ, ಹೇಳುವುದೇ ಒಂದು ಕೆಲಸವೆಂಬುದು ಅವನಿಗೆ ಹೊಳೆದಿರುವುದಿಲ್ಲ.

ಆದ್ದರಿಂದ ಮೊದಲು ಒಂದೊಂದು ಬಾಬತ್ತನ್ನು ಒಬ್ಬೊಬ್ಬರು ಪೂರ್ತಿಯಾಗಿ ವಹಿಸಿಕೊಳ್ಳಿ. ಬಟ್ಟೆ ಗಂಡನ ಪಾಲಿಗೆ ಬಂದರೆ ಮೆಷಿನ್‌ಗೆ ಹಾಕುವುದು, ಒಣಗಿಸುವುದು, ಮಡಚಿ ಬೀರುವಿನಲ್ಲಿಡುವುದು, ಸೋಪಿನ ಪುಡಿ ತೀರುವ ಮೊದಲೇ ತರುವುದು ಎಲ್ಲವೂ ಅವನದೇ. ಅವನು ಮಡಚಿದ ಸೀರೆಯ ಅಂಚು ಕೂಡದಿದ್ದರೂ ಅದನ್ನು ಬಿಚ್ಚಿ ಮತ್ತೆ ಮಡಚಲು ಹೋಗಬೇಡಿ. ಹಾಗೆ ಮಾಡಿದ ದಿನವೇ ಆ ಕೆಲಸ ನಿಮ್ಮ ಕೈಗೆ ಮರಳುತ್ತದೆ.

ರಾತ್ರಿ ಊಟವಾದ ಮೇಲಿನ ಅರ್ಧ ಗಂಟೆಯನ್ನು ಇಬ್ಬರೂ ಅಡುಗೆಮನೆಗೆ ಮೀಸಲಿಡಿ. ಒಬ್ಬರು ಪಾತ್ರೆ ತೊಳೆದು ಸಿಂಕ್ ಖಾಲಿ ಮಾಡಿ ಒಲೆಕಟ್ಟೆ ಒರೆಸುವಷ್ಟರಲ್ಲಿ ಇನ್ನೊಬ್ಬರು ಬೆಳಗಿನ ಪಲ್ಯಕ್ಕೆ ಹುರುಳಿಕಾಯಿ ಹೆಚ್ಚಿ, ತೆಂಗಿನಕಾಯಿ ತುರಿದು, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಬಹುದು. ಬದನೆ, ಆಲೂಗಡ್ಡೆ ಹೆಚ್ಚಿಟ್ಟರೆ ಕಪ್ಪಾಗುವುದರಿಂದ ಅವನ್ನು ಬೆಳಿಗ್ಗೆಗೇ ಬಿಡಿ. ಟಿಫಿನ್ ಡಬ್ಬಿಗಳನ್ನು ಮುಚ್ಚಳ, ಚಮಚಗಳೊಂದಿಗೆ ಜೋಡಿಸಿ ಕಟ್ಟೆಯ ಮೇಲಿಟ್ಟು ಮಲಗಿದರೆ ಬೆಳಗಿನ ಹುಡುಕಾಟ ತಪ್ಪುತ್ತದೆ.

ವಾರದ ತಿಂಡಿಗೆ ದೋಸೆಹಿಟ್ಟಿನಷ್ಟು ನೆಚ್ಚಿಕೆಯ ಆಸರೆ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ಭಾನುವಾರ ಮಧ್ಯಾಹ್ನ 3 ಪಾವು ಅಕ್ಕಿಗೆ 1 ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಸೇರಿಸಿ, ಅಕ್ಕಿಯನ್ನೂ ಬೇಳೆಯನ್ನೂ ಬೇರೆಬೇರೆಯಾಗಿ ನಾಲ್ಕೈದು ಗಂಟೆ ನೆನೆಸಬೇಕು. ಉದ್ದನ್ನು ತಣ್ಣೀರು ಚಿಮುಕಿಸುತ್ತ ರುಬ್ಬಿ, ಒಂದು ಬೊಟ್ಟು ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟು ನೋಡಿ. ಅದು ತೇಲಿದರೆ ಹದ ಬಂದಿದೆ ಎಂದರ್ಥ. ಅಕ್ಕಿಯನ್ನೂ ರುಬ್ಬಿ ಬೆರೆಸಿದ ಮೇಲೆ ಪಾತ್ರೆಯಲ್ಲಿ ಅರ್ಧದಷ್ಟು ಜಾಗ ಉಳಿದಿರಬೇಕು, ಇಲ್ಲವಾದರೆ ಉಬ್ಬಿದ ಹಿಟ್ಟು ರಾತ್ರಿಯೆಲ್ಲ ಕಟ್ಟೆಯ ಮೇಲೆ ಹರಿಯುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಹಿಟ್ಟು ಬೆಳಗಾದರೂ ಹುಳಿಯದೆ ಇರಬಹುದು; ಆಗ ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಡಿ. ಹುಳಿ ಬಂದ ಮೇಲೆ ಫ್ರಿಜ್‌ಗೆ ಸೇರಿಸಿದರೆ ಮೂರು ದಿನದ ತಿಂಡಿಯ ಚಿಂತೆಯಿಲ್ಲ. ಕೊನೆಯ ದಿನದ ಹುಳಿ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಗುಂಡುಪಂಗಳ ಮಾಡಿ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಪಕ್ಕದಲ್ಲೊಂದು ಪೆನ್ನು ಕಟ್ಟಿಡಿ. ಹಿಂದೊಮ್ಮೆ ನೆಂಟರು ಬಂದ ರಾತ್ರಿ ನಮ್ಮ ಮನೆಯಲ್ಲಿ ಹುಳಿ ಕುದಿಯುವ ಮೊದಲೇ ಗ್ಯಾಸ್ ಮುಗಿದಿತ್ತು. ಬುಕ್ ಮಾಡಿದ್ದಾರೆಂದು ಇಬ್ಬರೂ ಒಬ್ಬರ ಮೇಲೊಬ್ಬರು ಭಾರ ಹಾಕಿದ್ದೆವು. ಅಂದಿನಿಂದ 14.2 ಕಿಲೋ ಸಿಲಿಂಡರ್ ಜೋಡಿಸಿದ ದಿನಾಂಕವನ್ನು ಅಲ್ಲೇ ಬರೆಯುತ್ತೇವೆ. ಮೂರು ಸಿಲಿಂಡರ್ ಕಳೆಯುವಷ್ಟರಲ್ಲಿ ನಿಮ್ಮ ಮನೆಗೆ ಒಂದು ಎಷ್ಟು ವಾರ ಬರುತ್ತದೆಂಬುದು ತಿಳಿಯುತ್ತದೆ. ವಿದ್ಯುತ್ ಬಿಲ್ಲು, ಮನೆಬಾಡಿಗೆಯ ದಿನಗಳೂ ಅಲ್ಲಿರಲಿ.

ಒಬ್ಬರಿಗೆ ಜ್ವರ ಬಂದ ವಾರ ಇಷ್ಟೂ ನಡೆಯುವುದಿಲ್ಲ. ಆಗ ರಾತ್ರಿ ಸಿಂಕ್ ಖಾಲಿ ಮಾಡಿ, ಬೆಳಿಗ್ಗೆ ಗಂಜಿಯನ್ನೋ ಅವಲಕ್ಕಿಯನ್ನೋ ಮಾಡಿಕೊಂಡು, ಬಟ್ಟೆಯ ರಾಶಿಯನ್ನು ಭಾನುವಾರದವರೆಗೆ ಹಾಗೇ ಬಿಡಿ.