ಮೆಟ್ಟಿಲ ಕೆಳಗೆ ಮೂರು ಗಾಡಿ

ಎಲ್ಲಿಡಬೇಕು ಅಂತ ಗೊತ್ತಾಗದ ಸಾಮಾನೆಲ್ಲ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೆ ಸೇರುತ್ತಿತ್ತು. ಹಳೆ ಸೂಟ್‌ಕೇಸ್, ಕಾಲು ಮುರಿದ ಕುರ್ಚಿ, ಖಾಲಿ ರಟ್ಟಿನ ಡಬ್ಬಗಳು. ಒಂದು ದಿನ ಡ್ರಿಲ್ ಮೆಷಿನ್ ಬೇಕಾಯಿತು. ಮಂಡಿಯೂರಿ ಒಳಗೆ ತೂರಿ, ಅರ್ಧ ಗಂಟೆ ತಡಕಾಡಿ, ತಲೆಗೆ ಏಟು ತಿಂದು ಬರಿಗೈಲಿ ಹೊರಗೆ ಬಂದೆ. ಅವತ್ತೇ ಎಲ್ಲ ಹೊರಗೆ ಎಳೆದು ಹಾಕಿದೆ.

ಖಾಲಿ ಆದ ಮೇಲೆ ಅಳತೆ ಹಿಡಿದೆ. ಉದ್ದ 100 ಇಂಚು, ಎತ್ತರದ ತುದಿಯಲ್ಲಿ 70 ಇಂಚು, ಆಳ 36 ಇಂಚು. ನಮ್ಮ ಮೆಟ್ಟಿಲು 10 ಇಂಚು ಅಗಲ, 7 ಇಂಚು ಎತ್ತರ. ಅಂದರೆ ಗಿಡ್ಡ ತುದಿಯಿಂದ ಪ್ರತಿ 10 ಇಂಚು ಮುಂದೆ ಬಂದಾಗಲೂ 7 ಇಂಚು ಎತ್ತರ ಸಿಗುತ್ತದೆ. ಈ ಒಂದು ಲೆಕ್ಕ ಹಿಡಿದರೆ ಯಾವ ಜಾಗದಲ್ಲಿ ಏನು ಕೂರುತ್ತದೆ ಅಂತ ಕಾಗದದ ಮೇಲೇ ಗೊತ್ತಾಗುತ್ತದೆ.

ಮೊದಲು ಶೆಲ್ಫ್ ಹೊಡೆಸೋಣ ಅಂದುಕೊಂಡಿದ್ದೆ. ಆದರೆ ಮೂರಡಿ ಆಳದ ಶೆಲ್ಫಿನಲ್ಲಿ ಕೈಗೆ ಸುಲಭವಾಗಿ ಎಟುಕುವುದು ಮುಂದಿನ ಒಂದೂವರೆ ಅಡಿ ಮಾತ್ರ. ಹಿಂದೆ ಹೋದದ್ದು ಹೋದ ಹಾಗೇ. ಮತ್ತೆ ಅದೇ ಡ್ರಿಲ್ ಕಥೆ, ಅಲ್ವಾ? ಡ್ರಾಯರ್ ಬಗ್ಗೆ ಬಡಗಿಯನ್ನು ಕೇಳಿದೆ. ಅವರ ಹತ್ತಿರ ಇದ್ದ ಚಾನೆಲ್, ಅಂದರೆ ಡ್ರಾಯರ್ ಜಾರುವ ಲೋಹದ ಪಟ್ಟಿ, 20 ಇಂಚಿನದು. ಅದನ್ನು ಹಾಕಿದರೆ ಡ್ರಾಯರ್ ಹಿಂದೆ ಒಂದಡಿಗಿಂತ ಜಾಸ್ತಿ ಜಾಗ ಸುಮ್ನೆ ಸತ್ತುಹೋಗುತ್ತದೆ. ಕೊನೆಗೆ ಚಾನೆಲ್ಲೇ ಬೇಡ, ನೆಲದ ಮೇಲೆ ಓಡುವ ಗಾಡಿ ಮಾಡೋಣ ಅಂತ ತೀರ್ಮಾನ ಮಾಡಿದೆ. ತೂಕವೆಲ್ಲ ಚಕ್ರದ ಮೇಲೆ ಬೀಳುತ್ತದೆ, ಇಡೀ ಆಳ ಹೊರಗೆ ಬರುತ್ತದೆ. ಎದುರಿಗೆ ಗಾಡಿ ಎಳೆಯಲು ಮೂರಡಿ ಖಾಲಿ ಜಾಗ ಇರಬೇಕು ಅಷ್ಟೇ. ನಮ್ಮಲ್ಲಿ ಇತ್ತು.

20 ಇಂಚು ಅಗಲದ ಮೂರು ಗಾಡಿ. ತಳಕ್ಕೂ ಮುಂಭಾಗಕ್ಕೂ 18 ಎಂಎಂ ಪ್ಲೈವುಡ್, ಉಳಿದದ್ದಕ್ಕೆ 12 ಎಂಎಂ. ಕತ್ತರಿಸುವ ಮೊದಲು ಮುಂಭಾಗದ ಆಕಾರವನ್ನು ರಟ್ಟಿನಲ್ಲಿ ಮಾಡಿ ಹಿಡಿದು ನೋಡಿದ್ದು ಒಳ್ಳೆಯದಾಯಿತು. ಮೆಟ್ಟಿಲ ಅಡಿಭಾಗ ನೇರವಾಗಿದೆ ಅಂದುಕೊಂಡಿದ್ದೆ. ನಡುವೆ ಗಾರೆ ಅರ್ಧ ಇಂಚು ಉಬ್ಬಿತ್ತು.

ಆದರೂ ಎರಡು ತಪ್ಪು ಮಾಡಿದೆ. ಒಂದು, ಆಳವನ್ನು ಸೊಂಟದ ಎತ್ತರದಲ್ಲಿ ಅಳೆದಿದ್ದೆ. ಕೆಳಗೆ ಗೋಡೆಗೆ ಸ್ಕರ್ಟಿಂಗ್ ಕಲ್ಲು ಇದೆ, ಅದು ಮುಂದಕ್ಕೆ ಚಾಚಿಕೊಂಡಿದೆ ಅನ್ನುವುದು ತಲೆಗೇ ಬರಲಿಲ್ಲ. ಮೊದಲ ಗಾಡಿ ಪೂರ್ತಿ ಒಳಗೆ ಹೋಗದೆ ಬಾಗಿಲ ಹಾಗೆ ಮುಂದೆ ನಿಂತಿತು. ತಳವನ್ನು ಬಿಚ್ಚಿ ಮತ್ತೆ ಕೊಯ್ಯಬೇಕಾಯಿತು. ಎರಡನೆಯದು ಚಕ್ರ. ಎಲ್ಲ ಕಡೆ ತಿರುಗುವ ಚಕ್ರ ತಂದು ಹಾಕಿದೆ. ಎಳೆದರೆ ಗಾಡಿ ನೇರ ಬರದೆ ಸೊಟ್ಟಗೆ ತಿರುಗಿ ಪಕ್ಕದ ಗಾಡಿಗೆ ಡಿಕ್ಕಿ ಹೊಡೆಯುತ್ತಿತ್ತು. ಒಂದೇ ದಿಕ್ಕಿನಲ್ಲಿ ಉರುಳುವ 2 ಇಂಚಿನ ಚಕ್ರ ಹಾಕಿ, ನೆಲಕ್ಕೆ ಎರಡು ಕಡೆ ತೆಳು ಮರದ ಪಟ್ಟಿ ಅಂಟಿಸಿದ ಮೇಲೆ ಸರಿಹೋಯಿತು. ಗಾಡಿಗಳ ನಡುವೆ ಬೆರಳಿನ ಅರ್ಧ ದಪ್ಪದಷ್ಟು ಸಂದು ಬಿಟ್ಟಿದ್ದೇನೆ. ಇದಕ್ಕಿಂತ ಕಮ್ಮಿ ಬಿಟ್ಟರೆ ಉಜ್ಜುತ್ತದೆ.

ದೊಡ್ಡ ಗಾಡಿಗೆ ಎತ್ತರದ ಬದಿಯಲ್ಲಿ ಹಲಗೆ ಹಾಕಲಿಲ್ಲ, ತೆರೆದೇ ಬಿಟ್ಟೆ. ಹೊರಗೆ ಎಳೆದು ಪಕ್ಕದಲ್ಲಿ ನಿಂತರೆ ಒಳಗಿರುವುದೆಲ್ಲ ಒಂದೇ ನೋಟಕ್ಕೆ ಕಾಣುತ್ತದೆ. ಭಾರದ ಟೂಲ್ ಪೆಟ್ಟಿಗೆ ತಳದಲ್ಲಿ, ಹಾಸಿಗೆ ಹೊದಿಕೆ ಮೇಲೆ. ಉಲ್ಟಾ ಇಟ್ಟರೆ ಎಳೆಯುವಾಗ ಗಾಡಿ ವಾಲುತ್ತದೆ. ಎತ್ತರದ ತುದಿಯಲ್ಲಿ ಉಳಿದ 20 ಇಂಚಿಗೆ ಮಾಮೂಲಿ ಬಾಗಿಲು ಇಟ್ಟು ಪೊರಕೆ, ಮಾಪು, ಇಸ್ತ್ರಿ ಟೇಬಲ್ ನಿಲ್ಲಿಸಿದ್ದೇನೆ.

ಕೆಲಸ ಶುರು ಮಾಡುವ ಮೊದಲೇ ಮಾಡಿದ ಒಂದು ಪರೀಕ್ಷೆಯ ವಿಷಯ ಹೇಳಲೇಬೇಕು. ಹಿಂದಿನ ಗೋಡೆ ಮುಟ್ಟಿದರೆ ತಣ್ಣಗಿತ್ತು, ಮುಗ್ಗಲು ವಾಸನೆ ಬೇರೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಟ್ಟೆ. ಹಾಳೆಯ ಒಳಮೈ, ಅಂದರೆ ಗೋಡೆ ಕಡೆ ನೀರಾಡಿದರೆ ತೇವ ಗೋಡೆಯಿಂದಲೇ ಬರುತ್ತಿದೆ ಅಂತ. ಹೊರಮೈ ಒದ್ದೆಯಾದರೆ ಅದು ಗಾಳಿಯ ತೇವ. ನನ್ನದು ಹೊರಮೈ ಒದ್ದೆಯಾಗಿತ್ತು. ಸದ್ಯ, ಗೋಡೆ ಒಡೆಯುವುದು ತಪ್ಪಿತು! ಗಾಡಿ ಹಿಂದೆ ಒಂದಿಂಚು ಬಿಟ್ಟು, ಮುಂಭಾಗದ ಕೆಳಗೂ ಮೇಲೂ ಗಾಳಿಗೆ ತೂತು ಕೊರೆದೆ. ವಾಸನೆ ಹೋಯಿತು. ಗೋಡೆಯಿಂದಲೇ ತೇವ ಬರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ಪ್ಲೈವುಡ್‌ಗೆ ಸುರಿದ ದುಡ್ಡೆಲ್ಲ ಬೂಷ್ಟಿಗೆ.

ಪೇಂಟ್, ಥಿನ್ನರ್, ಗ್ಯಾಸ್ ಸಿಲಿಂಡರ್ ಮಾತ್ರ ಅಲ್ಲಿ ಇಡಲಿಲ್ಲ. ಬೆಂಕಿ ಬಿದ್ದರೆ ಮೇಲಿನವರು ಇಳಿದು ಓಡಬೇಕಾದದ್ದು ಅದೇ ಮೆಟ್ಟಿಲ ಮೇಲೆ. ಇನ್ವರ್ಟರ್ ಬ್ಯಾಟರಿಯನ್ನೂ ಮುಚ್ಚಿದ ಜಾಗದಲ್ಲಿ ಬೇಡ ಅಂದೆ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಹೊತ್ತಿಕೊಳ್ಳುವ ಗಾಳಿ.

ಇನ್ನು ಗಿಡ್ಡ ತುದಿಯ 20 ಇಂಚು. ಅಲ್ಲಿ ಎತ್ತರವೇ 14 ಇಂಚು ದಾಟುವುದಿಲ್ಲ. ಅದಕ್ಕೂ ಒಂದು ಪುಟಾಣಿ ಗಾಡಿ ಮಾಡಲು ಹೊರಟಿದ್ದೆ. ಎರಡು ತಪ್ಪು ನೋಡಿದ್ದ ಅಮ್ಮ, "ಸಾಕು ಬಿಡೋ, ಅದಕ್ಕೊಂದು ಹಲಗೆ ಮುಚ್ಚು" ಅಂದರು. ಮುಚ್ಚಿದೆ. ಹಲಗೆ ಹಿಂದೆ ಮಿಕ್ಕ ಪ್ಲೈವುಡ್ ತುಂಡುಗಳೂ, ಆ ತಿರುಗುವ ಹನ್ನೆರಡು ಚಕ್ರಗಳೂ ಇವೆ.