ಕಥೆಯಲ್ಲಿ ಒಂದೇ ಒಂದು ಸುಳ್ಳು

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಪುಸ್ತಕ ಬರೆಯುವ ಆಸೆ ಏನೂ ಇರಲಿಲ್ಲ. ಒಂದು ದಿನ ಏಳನೇ ತರಗತಿಯಲ್ಲಿ ಬೋರ್ಡಿನ ಮೇಲೆ ‘ಯೂರಿ ಗಗಾರಿನ್, 1961ರ ಏಪ್ರಿಲ್ 12, 108 ನಿಮಿಷ’ ಅಂತ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ, “108 ಅಂದ್ರ ಆಂಬ್ಯುಲೆನ್ಸ್ ಅಲ್ಲೇನ್ರೀ ಸರ್?” ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಭೂಮಿಯನ್ನು ಒಂದು ಸುತ್ತು ಹಾಕಿ ಬಂದ ಮೊದಲ ಮನುಷ್ಯ ಈ ಮಕ್ಕಳಿಗೆ ಬರೀ ಒಂದು ನಂಬರ್ ಆಗಿ ಉಳಿದನಲ್ಲ ಅಂತ ರಾತ್ರಿಯೆಲ್ಲ ಕಾಡಿತು.

ಹಾಗೆ ಶುರುವಾದದ್ದು 64 ಪುಟದ ಒಂದು ಕಥೆ. ಗೌರಿ ಅನ್ನೋ ಹುಡುಗಿಗೆ ಅಟ್ಟದ ಮೇಲೆ ಅಜ್ಜನ ಹಳೇ ರೇಡಿಯೋ ಸಿಗುತ್ತದೆ. ಒಂದು ಕಾಲದಲ್ಲಿ ಧಾರವಾಡ ಆಕಾಶವಾಣಿ ಬಿಟ್ಟು ಬೇರೇನೂ ಹಾಡದಿದ್ದ ಪೆಟ್ಟಿಗೆ ಅದು. ಮುಳ್ಳು 20 ಮೆಗಾಹರ್ಟ್ಸ್ ಹತ್ತಿರ ಹೋದಾಗ ‘ಬೀಪ್, ಬೀಪ್’ ಅನ್ನುತ್ತದೆ. ಅದು 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಹಾರಿಸಿದ ಜಗತ್ತಿನ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಕಳಿಸಿದ ಸದ್ದು. ರೇಡಿಯೋ ಹಳೇ ಕಾಲವನ್ನು ಕೇಳಿಸುತ್ತದೆ ಅನ್ನೋದೊಂದೇ ನಾನು ಹೇಳುವ ಸುಳ್ಳು, ಉಳಿದದ್ದೆಲ್ಲ ನಿಜ ಇರಬೇಕು ಅಂತ ನಿಯಮ ಹಾಕಿಕೊಂಡೆ. ಗೌರಿ ಕೇಳಬಹುದು, ಆ ಕಡೆಗೆ ಮಾತಾಡುವ ಹಾಗಿಲ್ಲ. ಮಾತಾಡಿದರೆ ಚರಿತ್ರೆ ಕೆಡುತ್ತದೆ, ಅಲ್ವಾ?

ನಿಯಮ ಹಾಕಿದ್ದು ನಾನೇ, ಮೊದಲು ಮುರಿದದ್ದೂ ನಾನೇ. ‘ಮೇಲೆ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ’ ಅಂತ ಬರೆದುಬಿಟ್ಟಿದ್ದೆ. ಎಷ್ಟೋ ವರ್ಷ ಪಾಠದಲ್ಲೂ ಹಾಗೇ ಹೇಳಿದ್ದೆ, ನಾಚಿಕೆಯ ವಿಷಯ. ಗಗಾರಿನ್ ಇದ್ದ ಎತ್ತರದಲ್ಲಿ ಗುರುತ್ವ ನೆಲದ ಮೇಲಿನದಕ್ಕಿಂತ ನೂರಕ್ಕೆ ಹತ್ತು ಪಾಲಿನಷ್ಟೂ ಕಡಿಮೆ ಆಗಿರುವುದಿಲ್ಲ. ತೇಲುವುದು ಯಾಕೆಂದರೆ, ಬಾಹ್ಯಾಕಾಶ ಹಡಗೂ ಮನುಷ್ಯನೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ. ಇದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳು ಸುಮ್ನೆ ತಲೆ ಆಡಿಸುತ್ತಾರೆ. ಅದಕ್ಕೆ ಒಂದು ನೀರಿನ ಬಾಟಲಿಯ ಬುಡದ ಹತ್ತಿರ ಮೊಳೆಯಿಂದ ತೂತು ಹಾಕಿ, ಮುಚ್ಚಳ ತೆಗೆದು, ಶಾಲೆಯ ಮಾಳಿಗೆ ಮೇಲಿಂದ ಹಿಡಿದು ನಿಂತೆ. ನೀರು ಚಿಳ್ಳನೆ ಹಾರುತ್ತಿತ್ತು. ಕೈ ಬಿಟ್ಟೆ. ಬೀಳುವಷ್ಟು ಹೊತ್ತು ಒಂದು ಹನಿಯೂ ಹೊರಗೆ ಬರಲಿಲ್ಲ. ಯಾರೂ ನಂಬಲಿಲ್ಲ. ಮೊಬೈಲಿನಲ್ಲಿ ನಿಧಾನ ಮಾಡಿ ತೋರಿಸಿದ ಮೇಲೆ ಇನ್ನೂ ಎಂಟು ಬಾಟಲಿ ಹಾಳಾದವು. ಆ ಅಧ್ಯಾಯ ಪೂರ್ತಿ ಅವತ್ತಿನ ಮಧ್ಯಾಹ್ನವೇ.

ಹಡಗು ಬೀಳುತ್ತಿದ್ದರೂ ನೆಲಕ್ಕೆ ತಾಗುವುದಿಲ್ಲ. ಅಷ್ಟು ಜೋರಾಗಿ ಮುಂದಕ್ಕೆ ಓಡುತ್ತಿರುತ್ತದೆ, ಗುಂಡಗಿನ ಭೂಮಿ ಕೆಳಗೆ ಬಾಗುತ್ತಾ ಹೋಗುತ್ತದೆ. ಗಂಟೆಗೆ ಸುಮಾರು 28,000 ಕಿಲೋಮೀಟರ್. ಈ ಅಂಕಿಯೂ ಯಾರಿಗೂ ತಟ್ಟಲಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಮೂರು ಸೆಕೆಂಡೂ ಬೇಡ ಅಂದಾಗ ತಟ್ಟಿತು.

ಜಾಸ್ತಿ ತಿಣುಕಾಡಿದ್ದು ಲೈಕಾ ನಾಯಿಯ ಅಧ್ಯಾಯಕ್ಕೆ. 1957ರ ನವೆಂಬರ್ 3ರಂದು ಅವಳನ್ನು ಸ್ಪುಟ್ನಿಕ್ 2ರಲ್ಲಿ ಕಳಿಸಿದರು. ಕೆಲವು ದಿನ ಬದುಕಿದ್ದಳು, ಆಮೇಲೆ ನೋವಿಲ್ಲದೆ ಸತ್ತಳು ಅನ್ನೋ ಹಳೇ ಕಥೆಯನ್ನೇ ನಾನೂ ಬರೆದಿದ್ದೆ. ಕರಡು ಓದಿಸಿದಾಗ ಆರನೇ ತರಗತಿಯ ಒಬ್ಬಳು, “ಆಕೀನ್ನ ವಾಪಸ್ ಹೆಂಗ ಕರಕೊಂಡ್ ಬಂದ್ರೀ ಸರ್?” ಅಂತ ಕೇಳಿದಳು. ವಾಪಸ್ ತರುವ ವ್ಯವಸ್ಥೆಯೇ ಆ ಹಡಗಿನಲ್ಲಿ ಇರಲಿಲ್ಲ. ಒಳಗೆ ಸೆಕೆ ಏರಿ ಕೆಲವೇ ಗಂಟೆಗಳಲ್ಲಿ ಅವಳು ಸತ್ತಿದ್ದಳು. ಅದು ಹೊರಗೆ ಬಂದದ್ದು 2002ರಲ್ಲಿ.

ಎರಡು ವಾರ ಆ ಪುಟ ಹಾಗೇ ಬಿಟ್ಟೆ. ಸಹೋದ್ಯೋಗಿಯೊಬ್ಬರು, ಮಕ್ಕಳ ಪುಸ್ತಕ ಸರ್, ಗೌರಿ ಕೈಲಿ ನಾಯಿ ಉಳಿಸಿಬಿಡಿ ಅಂದರು. ನನಗೂ ಮನಸ್ಸಾಗಿತ್ತು, ಸುಳ್ಳು ಹೇಳುವುದಿಲ್ಲ. ಕೊನೆಗೆ ನಿಜವನ್ನೇ ಬರೆದೆ. ರೇಡಿಯೋದಲ್ಲಿ ಲೈಕಾಳ ಎದೆಬಡಿತ ಕೇಳಿಸುತ್ತಿರುತ್ತದೆ, ಆಮೇಲೆ ಬರೀ ಗರಗರ. ಗೌರಿ ಕಿವಿ ಕೊಟ್ಟು ಕೂತೇ ಇರುತ್ತಾಳೆ, ಅವ್ವ ಊಟಕ್ಕೆ ಕರೆದರೂ ಏಳುವುದಿಲ್ಲ. ಮುಂದಿನ ಅಧ್ಯಾಯದಲ್ಲಿ 1960ರ ಆಗಸ್ಟ್. ಬೆಲ್ಕಾ, ಸ್ಟ್ರೆಲ್ಕಾ ಅನ್ನೋ ಎರಡು ನಾಯಿಗಳು ಮೇಲೆ ಹೋಗಿ ಜೀವಂತ ಇಳಿಯುತ್ತವೆ. ಇದೂ ನಿಜವೇ, ನಾನೇನೂ ಸೇರಿಸಲಿಲ್ಲ. ಪ್ರಶ್ನೆ ಕೇಳಿದವಳು ಅದನ್ನು ಓದಿ, “ಲೈಕಾನ್ನೂ ಆಮ್ಯಾಲೇ ಕಳಿಸಬೇಕಿತ್ರೀ” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಗಗಾರಿನ್ ಇಳಿದದ್ದನ್ನು ಬರೆಯೋದು ಸಲೀಸಾಯಿತು. ಏಳು ಕಿಲೋಮೀಟರ್ ಎತ್ತರದಲ್ಲಿ ಹಡಗಿನಿಂದ ಹೊರಗೆ ಚಿಮ್ಮಿ, ಪ್ಯಾರಾಶೂಟಿನಲ್ಲಿ ರಷ್ಯಾದ ಹೊಲಕ್ಕೆ ಇಳಿದವನನ್ನು ಮೊದಲು ಕಂಡದ್ದು ಒಬ್ಬ ಅಜ್ಜಿ, ಮೊಮ್ಮಗಳು. ಚಿತ್ರ ಬರೆದ ಹುಡುಗ ಆ ಹೊಲಕ್ಕೆ ನಮ್ಮ ಕಡೆಯ ಜೋಳ ಹಾಕಿಬಿಟ್ಟಿದ್ದ. ಅಳಿಸಿ ಅಂತ ಹೇಳಬೇಕಾಯಿತು, ಬೇಜಾರಿನಿಂದಲೇ.

ಛಾಪಿಸಿದ್ದು ಹುಬ್ಬಳ್ಳಿಯಲ್ಲಿ, 300 ಪ್ರತಿ. ಯೂನಿಕೋಡಿನಿಂದ ಹಳೇ ಫಾಂಟಿಗೆ ಬದಲಿಸುವಾಗ ಏನೇನು ಕೆಡುತ್ತದೆ ಅಂತ ಡಿಟಿಪಿ ಮಾಡಿಸಿದವರಿಗೆಲ್ಲ ಗೊತ್ತು. ಅರ್ಕಾವತ್ತು ಹುಡುಕಿ ಹುಡುಕಿ ತಿದ್ದಿದೆ. ಚುಕ್ಕಿ ಹೋದದ್ದು ಕಾಣಲಿಲ್ಲ. 83.6 ಕಿಲೋದ ಸ್ಪುಟ್ನಿಕ್ 836 ಕಿಲೋ ಆಗಿತ್ತು. ಹಿಡಿದದ್ದು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವವರ ಮಗ. “58 ಸೆಂಟಿಮೀಟರ್ ಚೆಂಡು ಎಂಟು ಕ್ವಿಂಟಲ್ ಹೆಂಗ್ರೀ ಸರ್? ಒಳಗ ಕಬ್ಬಿಣ ತುಂಬಿದ್ರೇನು?” ಲೆಕ್ಕ ಹಾಕಿ ನೋಡಿದೆ. ಅಷ್ಟು ದಪ್ಪದ ಚೆಂಡಿಗೆ ಪೂರ್ತಿ ಕಬ್ಬಿಣ ತುಂಬಿದರೂ ಸುಮಾರು 800 ಕಿಲೋ!

ಮತ್ತೆ ಛಾಪಿಸಲು ದುಡ್ಡಿರಲಿಲ್ಲ. ಶಾಲೆ ಬಿಟ್ಟ ಮೇಲೆ ಮೂರು ಸಂಜೆ, ಹತ್ತು ಮಕ್ಕಳು ಕಪ್ಪು ಪೆನ್ನು ಹಿಡಿದು ಕೂತು 300 ಪ್ರತಿಗೂ ಚುಕ್ಕಿ ಇಟ್ಟರು. ಒಂದು ಪ್ರತಿಯಲ್ಲಿ ಮಾತ್ರ 8.36 ಅಂತ ಆಗಿದೆ. ಅದು ನನ್ನ ಮನೆಯಲ್ಲೇ ಇದೆ.